ಮಂಡಿಗೆ ಅರ್ಧವೋ, ಒಂದೋ

ನನ್ನಂಥ ಪುಕ್ಕಲರಿಗೆ ಡಾಕ್ಟರು ಹೇಳಬಾರದ ಮಾತೊಂದಿದೆ: 'ನೀವೇ ನೋಡಿಕೊಂಡು ತಗೊಳ್ಳಿ.' ನುಂಗು ಎಂದರೆ ಬೇವಿನಕಾಯನ್ನಾದರೂ ನುಂಗಿಬಿಡುತ್ತೇನೆ. ತೀರ್ಮಾನ ನಿನ್ನದು ಎಂದರೆ ಕೈಕಾಲೇ ಆಡುವುದಿಲ್ಲ. ನನ್ನ ಮಂಡಿನೋವು ಹಳೆಯದು, ದೊಡ್ಡದೇನಲ್ಲ. ಕಿರಂಗೂರಿನಿಂದ ಶ್ರೀರಂಗಪಟ್ಟಣದ ಸ್ಕೂಲಿಗೆ ಸೈಕಲ್ ತುಳಿಯುವಾಗ ಕಟಕಟ ಎನ್ನುತ್ತಿತ್ತು, ರಾತ್ರಿ ಸ್ವಲ್ಪ ನರಳಿಸುತ್ತಿತ್ತು. ಡಾಕ್ಟರು, 'ನೋವು ಕಮ್ಮಿ ಇದ್ದ ದಿನ ಅರ್ಧ ಮಾತ್ರೆ, ಜಾಸ್ತಿ ಇದ್ದರೆ ಒಂದು, ಅದರ ಮೇಲೆ ಬೇಡ. ಹೊಟ್ಟೆ ಉರಿದರೆ ನಿಲ್ಲಿಸಿ ಬನ್ನಿ' ಎಂದು ಸುಲಭವಾಗಿ ಹೇಳಿಬಿಟ್ಟರು. ಕಮ್ಮಿ ಎಂದರೆ ಎಷ್ಟು? ಜಾಸ್ತಿ ಎಂದರೆ ಯಾರಿಗಿಂತ? ಮಂಡಿ ಹಿಡಿದುಕೊಂಡರೆ ಮೇಷ್ಟ್ರ ಕೆಲಸ ಹೋಗುತ್ತದೆ, ಮಾತ್ರೆ ಹೆಚ್ಚಾದರೆ ಮೇಷ್ಟ್ರೇ ಹೋಗುತ್ತಾನೆ.

ಈ ಉರಿಗೆ ತುಪ್ಪ ಸುರಿದವನು ಪಕ್ಕದ ಮನೆಯ ನಿಂಗೇಗೌಡ. 'ಉಸಾರು ಮೇಷ್ಟ್ರೇ. ಹೊಣಕೆರೇಲಿ ನಮ್ ಮಾವ ಇಂಗೇ ಮಾತ್ರೆ ನುಂಗಿ ನುಂಗಿ ರಕ್ತ ಕಕ್ಬುಟ್ಟ' ಎಂದ. ಆಮೇಲೇನಾಯಿತೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಅಂದಿನಿಂದ ನೋವು ಎಷ್ಟೇ ಇರಲಿ, ಬೆಳಗಿನ ಊಟಕ್ಕೆ ಅರ್ಧ, ಅಷ್ಟೇ. ನುಂಗಿದ ಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಾಯುತ್ತಿದ್ದೆ. ಹಸಿವಾದರೂ ಉರಿಯೆಂದೇ ನಡುಗುತ್ತಿದ್ದೆ.

ಆಶ್ಚರ್ಯವೆಂದರೆ, ಕೆಲವು ವಾರಗಳಲ್ಲಿ ಮಂಡಿ ಸುಮ್ಮನಾಯಿತು. 'ಅರ್ಧವೇ ಸಾಕು ಗೌಡ್ರೇ, ಉಳಿದದ್ದೆಲ್ಲ ಮನೋಬಲ' ಎಂದು ಜಗಲಿಯಲ್ಲಿ ಭಾಷಣವನ್ನೂ ಬಿಗಿದೆ. ಒಳಗಿದ್ದ ನನ್ನ ಹೆಂಡತಿ ಜಯಮ್ಮ ಕೆಮ್ಮಿದಳು.

ಒಂದು ಸಂಜೆ ಊಟಕ್ಕೆ ಕೂತವನು, ಏನೋ ಯೋಚನೆಯಲ್ಲಿ ಮುದ್ದೆಯ ತುತ್ತನ್ನು ಅಗಿದುಬಿಟ್ಟೆ. ಹಲ್ಲಿಗೇನೋ ಸಿಕ್ಕಿ ಪುಡಿಯಾಗಿ ಬಾಯೆಲ್ಲ ಕಹಿಯಾಯಿತು. ಉಗಿದು ನೋಡಿದರೆ ಮಾತ್ರೆಯ ಚೂರು. ಅದನ್ನು ಜಯಮ್ಮನ ಮುಂದೆ ಹಿಡಿದು, 'ಇದೇನೇ?' ಎಂದೆ.

'ಮುದ್ದೆ ಅಗೀತಾರಾ ಯಾರಾದ್ರೂವೆ?' ಎಂದು ಅವಳೇ ರೇಗಿದಳು. 'ಮಲಗಿದ್ರೆ ಸಾಕು, ಅಮ್ಮಾ ಅಂತ ನರಳ್ತಿದ್ರಿ. ಒಂದು ತಗೊಳಿ ಅಂದ್ರೆ ಕೇಳ್ನಿಲ್ಲ. ಅದ್ಕೇ ಉಳಿದರ್ಧವ ಮುದ್ದೆಯೊಳೀಕೆ ಇಟ್ಬುಡ್ತಿದ್ದೆ.'

ಇಷ್ಟು ದಿನ ಒಳಗೆ ಹೋದದ್ದನ್ನೆಲ್ಲ ನೆನೆದು ಪ್ರಾಣ ಬಾಯಿಗೆ ಬಂತು. ಬೆಳಗಾಗುತ್ತಲೇ ಡಾಕ್ಟರ ಬಳಿಗೆ ಓಡಿದೆ. ನಿಜವಾಗಿಯೂ ಓಡಿದೆ, ಮಂಡಿ ಅಷ್ಟು ಚೆನ್ನಾಗಿತ್ತು. ಅವರು ಹೊಟ್ಟೆ ಒತ್ತಿ ನೋಡಿ ನಕ್ಕರು. 'ಎರಡು ಅರ್ಧ ಸೇರಿದರೂ ಒಂದೇ ತಾನೆ? ಸದ್ಯಕ್ಕೆ ಹೀಗೇ ನಡೀಲಿ. ಆದರೆ ಕದ್ದು ಕೊಡೋದು ಬೇಡ ಅನ್ನಿ, ಗೊತ್ತಿದ್ದು ನುಂಗಿ' ಎಂದರು.

ಸಂಜೆ ಊಟಕ್ಕೆ ಕೂತಾಗ ಹಾಗೆಂದು ಜಯಮ್ಮನಿಗೆ ಹೇಳಿದೆ. 'ಸರಿ ಬುಡಿ, ಕಣ್ಣೆದುರ್ಗೇ ಇಟ್ಟಿವ್ನಿ' ಎಂದು ಮುದ್ದೆಯ ಪಕ್ಕದಲ್ಲಿ ಬೆಳ್ಳಗಿನ ಅರ್ಧ ಮಾತ್ರೆಯಿಟ್ಟು ಸಾರು ತರಲು ಹೋದಳು. ಅದನ್ನು ನೋಡುತ್ತಿದ್ದಂತೆ ಹೊಟ್ಟೆ ಉರಿಯತೊಡಗಿತು. ಅವಳು ಬರುವುದರೊಳಗೆ ಆ ಅರ್ಧವನ್ನು ನಾನೇ ಮುದ್ದೆಯೊಳಗೆ ತುರುಕಿ, ಎಲ್ಲಿ ತುರುಕಿದೆನೆಂದು ಮರೆಯಲು ತಟ್ಟೆಯನ್ನೂ ಒಂದು ಸುತ್ತು ತಿರುಗಿಸಿದೆ.