ಎಫ್ ಬೇಡ್ವೇ ಬೇಡ

ಹೆಂಡತಿ ಬರೆದ ಚೀಟಿಯನ್ನು ಬರೆದ ಹಾಗೆಯೇ ಓದುವ ಗಂಡ ಸುಖವಾಗಿರುತ್ತಾನೆ ಎಂಬ ಸತ್ಯ ಒತ್ತಕ್ಷರದವರಿಗೆ ಐವತ್ತೆರಡು ತುಂಬಿದರೂ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ಇನ್ನೊಬ್ಬರು ಬರೆದದ್ದನ್ನು ತಿದ್ದುವುದೇ ಅವರ ಹೊಟ್ಟೆಪಾಡು. ಇಪ್ಪತ್ತೆಂಟು ವರ್ಷದಿಂದ ಒಂದೇ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದಾರೆ. ಬಿಟ್ಟುಹೋದ ಒತ್ತಕ್ಷರವನ್ನು ಮಾರು ದೂರದಿಂದ ಹಿಡಿಯುತ್ತಾರೆಂದು ಅಲ್ಲಿಯವರು ಇಟ್ಟ ಅಡ್ಡಹೆಸರು ಒತ್ತಕ್ಷರದವರು. (ಅವರು ಗೇಲಿಗೆ ಇಟ್ಟರು, ಇವರು ಬಿರುದೆಂದು ಸ್ವೀಕರಿಸಿದರು.) ಕಿಸೆಯ ಕೆಂಪು ಪೆನ್ನು ಹಾಲಿನವನ ಚೀಟಿಯನ್ನೂ ಬಿಟ್ಟಿಲ್ಲ, ಲಿಫ್ಟಿನ ಸೂಚನೆಯನ್ನೂ ಬಿಟ್ಟಿಲ್ಲ. ಮನೆಯಲ್ಲಿ ತಿದ್ದದೆ ಉಳಿದದ್ದು ಒಂದೇ, ಅವರ ಎಡಗಡೆಯ ಹುಳುಕು ದವಡೆ ಹಲ್ಲು. ಮೂರು ತಿಂಗಳಿಂದ ಅದು ನೋಯುತ್ತಿದೆ, ಮೂರು ತಿಂಗಳಿಂದ ಅವರು ನಾಳೆ ನಾಳೆ ಎನ್ನುತ್ತಿದ್ದಾರೆ.

ಹೆಂಡತಿ ಕೆಲಸ ಮಾಡುವುದೇ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ಬಂದವರಿಗೆ ಚೀಟಿ ಬರೆದುಕೊಟ್ಟು ಸರದಿ ಪ್ರಕಾರ ಒಳಗೆ ಕಳಿಸುವ ಕೆಲಸ. ಅದು ಹಗಲಿನ ಅವತಾರ. ಸಂಜೆ ಮನೆಗೆ ಬಂದು ಕಿವಿಗೆ ಹೆಡ್‌ಫೋನ್ ಏರಿಸಿದರೆ ಅವರು ಕಂಪ್ಯೂಟರ್ ಆಟವೊಂದರಲ್ಲಿ ನಾಲ್ವರ ಪಡೆಯ ದಂಡನಾಯಕಿ. ಆ ಪಡೆಯಲ್ಲಿ ಹಲ್ಲಿನ ಡಾಕ್ಟರೂ ಒಬ್ಬ ಸಾಮಾನ್ಯ ಸಿಪಾಯಿ. ಹಗಲೆಲ್ಲ "ಮುಂದಿನವರನ್ನ ಕಳ್ಸಿ" ಎಂದು ಅಪ್ಪಣೆ ಕೊಡುವ ಮನುಷ್ಯ, ಸಂಜೆ ಈಕೆ "ಡಾಕ್ಟ್ರೇ, ಗೋಡೆ ಹಿಂದೆ ಬಗ್ಗಿ, ತಲೆ ಎತ್ಬೇಡಿ" ಎಂದರೆ ತೆಪ್ಪಗೆ ಬಗ್ಗುತ್ತಾರೆ.

ಇಂಥ ದಂಡನಾಯಕಿಯ ಕೈಯಲ್ಲಿದ್ದದ್ದು ಹತ್ತು ವರ್ಷದ ಹಳೆಯ ಕಂಪ್ಯೂಟರ್. ಶತ್ರು ಎದುರಿಗೆ ಬಂದ ಕೂಡಲೇ ಅದು ಧ್ಯಾನಕ್ಕೆ ಕೂರುತ್ತಿತ್ತು. ಆ ಆಟದ ಪಂದ್ಯಾವಳಿಯ ಸೆಮಿಫೈನಲಿನಲ್ಲಿ ಅದು ಸಮಾಧಿಯಿಂದ ಏಳುವಷ್ಟರಲ್ಲಿ ಈಕೆ ಎರಡು ಸಲ ಸತ್ತಿದ್ದರು. ಡಾಕ್ಟರು ಹೇಗೋ ಗೆಲ್ಲಿಸಿಕೊಂಡು ಬಂದು, ಮರುದಿನ ಕ್ಲಿನಿಕ್ಕಿನಲ್ಲಿ "ಪಾಪ, ಕ್ಯಾಪ್ಟನ್‌ಗೆ ವಯಸ್ಸಾಯ್ತು" ಎಂದು ಎಲ್ಲರ ಮುಂದೆ ಹೇಳಿಬಿಟ್ಟರು. ಆ ಮಾತು ಈಕೆಯ ಎದೆಗೆ ನಾಟಿತು. ಫೈನಲ್ ಭಾನುವಾರ ನಾಲ್ಕು ಗಂಟೆಗೆ. ಅಷ್ಟರೊಳಗೆ ಹೊಸ ಕಂಪ್ಯೂಟರ್ ಆಗಲೇಬೇಕು.

ಕೂಡಿಟ್ಟ ದುಡ್ಡಿಗೆ ಸಿದ್ಧವಾದ ಗೇಮಿಂಗ್ ಕಂಪ್ಯೂಟರ್ ಬರುವುದಿಲ್ಲ. ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಿದರೆ ಬರುತ್ತದೆ, ಅದೂ ಎಲ್ಲವೂ ಅಲ್ಲ. ಒಂದು ತಿಂಗಳು ವಿಡಿಯೋ ನೋಡಿ, ಒಂದೊಂದು ಭಾಗವನ್ನೂ ಅಳೆದು ಸುರಿದು, ಈಕೆ ಪಟ್ಟಿ ಮಾಡಿದರು.

"ಚಿತ್ರ ತೋರ್ಸೋ ಗ್ರಾಫಿಕ್ಸ್ ಕಾರ್ಡಿಗೆ ಈಗ ದುಡ್ಡು ಸಾಲಲ್ಲ ಕಣ್ರೀ. ಅದು ಆಮೇಲೆ. ಸದ್ಯಕ್ಕೆ ತಾನೇ ಚಿತ್ರ ತೋರ್ಸೋ ಪ್ರೊಸೆಸರ್ ಹಾಕೊಂಡ್ರೆ ಫೈನಲ್ ದಾಟ್ತೀನಿ."

"ನಾನು ತರ್ತೀನಿ ಬಿಡು. ಶನಿವಾರ ನಿನ್ನ ಕ್ಲಿನಿಕ್ಕಲ್ಲಿ ಜನ ಜಾಸ್ತಿ."

"ನೀವಾ?" ದಂಡನಾಯಕಿ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಬರೆದದ್ದನ್ನ ಬರೆದ ಹಾಗೆ ತರ್ಬೇಕು. ನಿಮ್ಮ ಬುದ್ಧಿ ಉಪಯೋಗಿಸ್ಬಾರ್ದು."

"ಪಟ್ಟಿ ಓದೋಕೆ ಬರಲ್ವಾ ನಂಗೆ? ಓದೋದೇ ನನ್ನ ಕಸುಬು."

"ಅದೇ ಭಯ ನಂಗೆ" ಎಂದು ಪಟ್ಟಿ ಕೊಟ್ಟರು. ವಿಧಿಯಿರಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು, ಪಟ್ಟಿ ಬಿಚ್ಚಿದರು. ಎರಡನೆಯ ಸಾಲೇ ಕಣ್ಣನ್ನು ಕುಟುಕಿತು. ಪ್ರೊಸೆಸರಿನ ಐದಂಕಿಯ ನಂಬರು ಬರೆದು, ಮುಂದೆ "ಎಫ್ ಬೇಡ್ವೇ ಬೇಡ" ಎಂದಿತ್ತು. 'ಬೇಡ್ವೇ' ಎಂಬುದು ಯಾವ ಭಾಷೆ? 'ಬೇಡವೇ' ಎಂದು ತಿದ್ದಿದರು. ಇನ್ನು 'ಎಫ್'. ಸಂಕ್ಷೇಪಗಳನ್ನು ಬಿಡಿಸಿ ಬರೆಯತಕ್ಕದ್ದು ಎಂಬುದು ಮುದ್ರಣಾಲಯದ ನಿಯಮ. ಕಂಪ್ಯೂಟರಿನಲ್ಲಿ ಎಫ್ ಎಂದರೆ ಫ್ಯಾನಲ್ಲದೆ ಇನ್ನೇನು? 'ಎಫ್' ಕಾಣದ ಹಾಗೆ ಹೊಡೆದುಹಾಕಿ ಮೇಲೆ 'ಫ್ಯಾನು' ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದರು. ಸಾಲು ಈಗ ನಿರ್ದುಷ್ಟವಾಯಿತು. ಇಳಿಯುವ ನಿಲ್ದಾಣ ದಾಟಿಹೋಗಿತ್ತು, ಆದರೆ ಮನಸ್ಸಿಗೆ ಸಮಾಧಾನವಾಗಿತ್ತು.

ಅಂಗಡಿಯವರು ಒಳ್ಳೆಯವರು. ಪಟ್ಟಿ ಕೇಳಿಕೊಂಡು ಎರಡು ಡಬ್ಬಿ ಮುಂದಿಟ್ಟರು.

"ಇದೇ ನಂಬರಲ್ಲಿ ಎರಡು ಥರ ಇದೆ ಸರ್. ಈ ಎರಡನೇದು ಮೂರು ಸಾವಿರ ಕಮ್ಮಿ. ಕಾರ್ಡ್ ಇದ್ದೋರೆಲ್ಲ ಇದನ್ನೇ ತಗೊಳ್ಳೋದು. ಕಾರ್ಡ್ ಇದೆಯಾ ಸರ್?"

"ಇದೆ, ಇದೆ" ಎಂದರು ಒತ್ತಕ್ಷರದವರು, ಬ್ಯಾಂಕಿನ ಕಾರ್ಡನ್ನು ಮುಟ್ಟಿ ನೋಡಿಕೊಳ್ಳುತ್ತ. ಕಾರ್ಡಿಲ್ಲದೆ ಯಾರಾದರೂ ಪೇಟೆಗೆ ಬರುತ್ತಾರೆಯೇ?

"ಹಾಗಾದ್ರೆ ಕಣ್ಮುಚ್ಚಿ ತಗೊಳ್ಳಿ."

ಕಣ್ಣು ಮುಚ್ಚುವ ಜಾಯಮಾನ ಅವರದಲ್ಲ. ಡಬ್ಬಿಯ ನಂಬರನ್ನು ಪಟ್ಟಿಯ ನಂಬರಿಗೆ ಹೋಲಿಸಿದರು. ಐದೂ ಅಂಕಿ ಸರಿಯಾಗಿದ್ದವು. ಬಾಲದಲ್ಲಿ ಮಾತ್ರ ಎಫ್ ಎಂಬುದೊಂದು ಅಕ್ಷರ ಹೆಚ್ಚಾಗಿ ಬಿದ್ದಿತ್ತು. ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ಪಟ್ಟಿಯಲ್ಲಿ ಹುಡುಕಿದರು, ಎಫ್ ಎಲ್ಲೂ ಇರಲಿಲ್ಲ. (ಇರುವುದೆಲ್ಲಿ?) ಅಚ್ಚಿನವರ ಕಣ್ತಪ್ಪು ಎಂದು ನಕ್ಕು, ಡಬ್ಬಿಯ ಮೇಲಿನ ಎಫ್ಫನ್ನು ಕೆಂಪು ಪೆನ್ನಿನಿಂದ ದಪ್ಪಗೆ ಹೊಡೆದುಹಾಕಿದರು. ಉಳಿದ ಮೂರು ಸಾವಿರಕ್ಕೆ ಬಣ್ಣಬಣ್ಣದ ದೀಪದ ಸರ ಕೊಂಡರು. ಫ್ಯಾನು ಖಡಾಖಂಡಿತವಾಗಿ ಬೇಡ ಎಂದರು. "ಪ್ರೊಸೆಸರ್ ಜೊತೆ ಬಿಟ್ಟಿ ಬರುತ್ತೆ ಸರ್" ಎಂದು ಅಂಗಡಿಯವರು ಹೇಳಿದ ಮೇಲೆ ಬೇಕು ಎಂದರು.

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಜೋಡಣೆ ನಡೆಯಿತು. ಡಬ್ಬಿಯ ಮೇಲಿನ ಕೆಂಪು ಮಸಿಯನ್ನು ಕಂಡು ದಂಡನಾಯಕಿ ಅಂಗಡಿಯವರ ಗುರುತಿರಬೇಕು ಎಂದುಕೊಂಡರು. ಒಂದೂವರೆಗೆ ಕೊನೆಯ ತಿರುಪು ಬಿಗಿದು ಸ್ವಿಚ್ ಒತ್ತಿದರು. ಪೆಟ್ಟಿಗೆಯೊಳಗೆ ಕೆಂಪು, ಹಸಿರು, ನೀಲಿ ದೀಪಗಳು ಓಡಾಡಿದವು. ಬಿಟ್ಟಿ ಫ್ಯಾನು ಗಿರ್ರೆಂದಿತು. ಪರದೆ ಮಾತ್ರ ಕಗ್ಗತ್ತಲು.

ವೈರು ಕಿತ್ತು ಹಾಕಿದರು, ಮತ್ತೆ ಕಿತ್ತು ಹಾಕಿದರು. ಎರಡೂವರೆ ಆಯಿತು. "ದೀಪ ಚೆನ್ನಾಗಿ ಬರ್ತಿದೆ ಅಲ್ವಾ" ಎಂದು ಒತ್ತಕ್ಷರದವರು ಸಮಾಧಾನ ಹೇಳಿ, ತಿರುಗಿ ಸಿಕ್ಕಿದ ನೋಟಕ್ಕೆ ಅಡುಗೆಮನೆ ಸೇರಿದರು. ಕೊನೆಗೆ ಈಕೆ ಅಂಗಡಿಯವರಿಗೇ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು.

"ಮೇಡಂ, ಸರ್ ತಗೊಂಡಿದ್ದು ಎಫ್ ಇರೋದು. ಅದು ತಾನಾಗೇ ಚಿತ್ರ ತೋರ್ಸಲ್ಲ, ಗ್ರಾಫಿಕ್ಸ್ ಕಾರ್ಡ್ ಇರ್ಲೇಬೇಕು. ನಾನು ಕೇಳಿದ್ನಲ್ಲ, ಕಾರ್ಡ್ ಇದೆಯಾ ಅಂತ. ಇದೆ ಇದೆ ಅಂದ್ರು. ವಾಪಸ್ ತಗೊಳ್ತಿದ್ದೆ, ಆದ್ರೆ ಡಬ್ಬಿ ಮೇಲೆ ಕೆಂಪು ಮಸೀಲಿ ಗೀಚಿಬಿಟ್ರು ನೋಡಿ."

ಫೋನು ಇಟ್ಟ ಮೇಲೆ ದಂಡನಾಯಕಿ ಕೈ ಚಾಚಿದರು. "ಪಟ್ಟಿ."

ಒತ್ತಕ್ಷರದವರು ಕೊಟ್ಟರು. ಈಕೆ ಎರಡನೆಯ ಸಾಲನ್ನು ಗಟ್ಟಿಯಾಗಿ ಓದಿದರು. "ಫ್ಯಾನು ಬೇಡವೇ ಬೇಡ." ಮತ್ತೊಮ್ಮೆ ಓದಿದರು.

"ಒಂದು ತಿಂಗಳು ಕೂತು ಬರೆದಿದ್ದೆ ಕಣ್ರೀ. ಒಂದು ಅಕ್ಷರ ಬೇಡ ಅಂದಿದ್ದೆ. ಪ್ರಪಂಚದಲ್ಲಿರೋ ಅಕ್ಷರವನ್ನೆಲ್ಲ ಕಾಯ್ತೀರಲ್ಲ, ನಂದೊಂದನ್ನ ಕಾಯೋಕಾಗ್ಲಿಲ್ವಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದರು. ಬೈಗುಳಕ್ಕೆ ಅವರಿಗೆ ಇಪ್ಪತ್ತೈದು ವರ್ಷದ ಅಭ್ಯಾಸವಿತ್ತು. ಆದರೆ ಕಣ್ಣಲ್ಲಿ ನೀರು ಕಂಡು ಜೀವ ಹಿಡಿಯಷ್ಟಾಯಿತು. "ತಪ್ಪಾಯ್ತು ಕಣೇ. ಇನ್ಮೇಲೆ ನೀನು ಬರೆದದ್ದರಲ್ಲಿ ಒಂದು ಚುಕ್ಕೇನೂ ಮುಟ್ಟಲ್ಲ. ಈ ಪೆನ್ನಿನಾಣೆ" ಎಂದರು.

ಪೆನ್ನಿನಾಣೆಯಿಂದ ಪರದೆ ಬೆಳಗುವುದಿಲ್ಲ. ಈಕೆ ಫೋನು ಮಾಡಿದಾಗ ದಾರಿ ತೋರಿಸಿದವರು ಡಾಕ್ಟರು. ಹಲ್ಲಿನ ಎಕ್ಸ್‌ರೇ ನೋಡಲು ಕ್ಲಿನಿಕ್ಕಿನಲ್ಲಿ ಭಾರೀ ಗ್ರಾಫಿಕ್ಸ್ ಕಾರ್ಡಿನ ಕಂಪ್ಯೂಟರ್ ಇದೆ, ನನ್ನ ಮನೆ ಅದರ ಮೇಲಿನ ಮಹಡಿಯಲ್ಲೇ, ಬೀಗ ತೆಗೆದಿಟ್ಟಿರುತ್ತೇನೆ, ಓಡಿ ಬನ್ನಿ ಎಂದರು. ಗಂಡ ಹೆಂಡತಿ ಓಡಿದರು. ನಾಲ್ಕಕ್ಕೆ ಐದು ನಿಮಿಷವಿರುವಾಗ ಆಟ ತೆರೆದುಕೊಂಡಿತು.

ಅಲ್ಲಿದ್ದ ಒಂದೇ ಕುರ್ಚಿಯಲ್ಲಿ ಈಕೆ ಕೂತರು. ಒತ್ತಕ್ಷರದವರಿಗೆ ಉಳಿದದ್ದು ಹಲ್ಲು ಕೀಳುವ ಕುರ್ಚಿ. ಅದರಲ್ಲಿ ಒರಗಿಕೊಂಡು ಹೆಂಡತಿಯ ಯುದ್ಧವನ್ನು ಮೊದಲ ಬಾರಿಗೆ ಪೂರ್ತಿ ನೋಡಿದರು. ಏನು ವೇಗ, ಏನು ಗತ್ತು. ನೋಡುತ್ತ ನೋಡುತ್ತ ಅವರ ಬಾಯಿ ತಾನಾಗಿಯೇ ತೆರೆದುಕೊಂಡಿತು. ಐದು ಗಂಟೆಗೆ ದಂಡನಾಯಕಿಯ ಪಡೆ ಕಪ್ ಗೆದ್ದಿತು, ಆಗಲೂ ಆ ಬಾಯಿ ಮುಚ್ಚಿರಲಿಲ್ಲ.

ಗೆದ್ದ ಖುಷಿಯಲ್ಲಿ ಮೆಟ್ಟಿಲಿಳಿದು ಬಂದ ಡಾಕ್ಟರು "ಕ್ಯಾಪ್ಟನ್‌ಗೆ ವಯಸ್ಸೇ ಆಗಲ್ಲ ಬಿಡಿ" ಎಂದು ಕೈಮುಗಿದರು. ಆಮೇಲೆ ಕುರ್ಚಿಯಲ್ಲಿ ತೆರೆದ ಬಾಯಿ ಕಂಡು, ಅಭ್ಯಾಸಬಲದಿಂದ ದೀಪ ಹಾಕಿ ಇಣುಕಿದರು. "ಅಯ್ಯೋ, ಇದನ್ನ ಇಷ್ಟು ದಿನ ಯಾಕೆ ಇಟ್ಕೊಂಡಿದ್ರಿ? ನಾಳೆನೇ ತೆಗೆಯೋಣ. ಕ್ಯಾಪ್ಟನ್, ಬರ್ಕೊಳ್ಳಿ."

ಈಕೆ ಸರಸರನೆ ಚೀಟಿ ಬರೆದು ಗಂಡನ ಕೈಗಿತ್ತರು. ಒತ್ತಕ್ಷರದವರು ಓದಿದರು. ಸೋಮವಾರ, ಬೆಳಿಗ್ಗೆ ಹತ್ತು, ದವಡೆ ಹಲ್ಲು ಕೀಳುವುದು. ಕಾಗುಣಿತ ಸರಿಯಾಗಿತ್ತು, ಒತ್ತಕ್ಷರ ಇರುವಲ್ಲಿ ಇತ್ತು. ಕೊನೆಯ ಪದ ಮಾತ್ರ 'ಬಲಗಡೆ' ಎಂದಿತ್ತು.

ಅವರ ಕೈ ಕಿಸೆಯ ಕೆಂಪು ಪೆನ್ನಿನ ತನಕ ಹೋಯಿತು.

"ಏನ್ರೀ, ಏನಾದ್ರೂ ತಪ್ಪು ಬರ್ದಿದೀನಾ?" ಎಂದು ದಂಡನಾಯಕಿ ಬಹಳ ಮೃದುವಾಗಿ ಕೇಳಿದರು.

ಒತ್ತಕ್ಷರದವರು ಎಡಗೆನ್ನೆ ಒತ್ತಿಕೊಂಡು, ಖಾಲಿ ಕೈಯನ್ನು ಕಿಸೆಯಿಂದ ಹೊರಗೆ ತೆಗೆದರು.

"ಇಲ್ಲ ಕಣೇ" ಎಂದರು, "ಎಲ್ಲಾ ಸರಿಯಾಗಿದೆ."