ಶುದ್ಧ ನೀರಿಗೆ ಮಾತ್ರ ಪ್ರವೇಶ

ಸವಣೂರಿನ ಪರಮೇಶಪ್ಪನವರ ಅಡುಗೆಮನೆಯಲ್ಲಿರುವ ಆರ್‌ಒ ಫಿಲ್ಟರಿಗೆ ಎರಡು ವರ್ಷದಿಂದ ಕ್ಯಾಂಡಲ್ ಬದಲಿಸುವ ಪ್ರಸಂಗ ಬಂದಿಲ್ಲವೆಂಬುದನ್ನು ಸಂಬಂಧಪಟ್ಟ ಎಲ್ಲರ ಗಮನಕ್ಕೆ ತರಲಾಗಿದೆ.

ಯಂತ್ರವನ್ನು ತಂದದ್ದು ಅವರ ಹೆಂಡತಿ ಫಕ್ಕೀರವ್ವನವರ ಸಲುವಾಗಿ. ಅವರ ಮೂತ್ರಪಿಂಡದಲ್ಲಿ ಐದು ಮಿಲಿಮೀಟರಿನ ಹರಳು ಕಂಡುಬಂದು, ದಿನಕ್ಕೆ ಮೂರು ಲೀಟರ್ ಒಳ್ಳೆಯ ನೀರು ಕುಡಿಯಿರಿ ಎಂದು ಡಾಕ್ಟರ್ ನೀಲಾಂಬಿಕಾ ಹೇಳಿದ್ದರು. ಮೊದಲ ಮೂರು ತಿಂಗಳು ಅವರು ಕುಡಿದೇ ಬಿಟ್ಟರು. ಅದೊಂದು ಲೋಪವೆಂದು ಆಮೇಲೆ ತಿಳಿದುಬಂತು.

ಸರ್ವಿಸಿಗೆ ಬಂದ ಹುಲಗೂರಿನ ಮುಬಶೀರ ಒಳಗಿನ ಕ್ಯಾಂಡಲ್ ಬಿಚ್ಚಿದ. ಬೆಳ್ಳಗಿದ್ದದ್ದು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು.

"ಕಾಕಾರ, ನಿಮ್ಮ ಬೋರಿನ ನೀರು ಭಾಳ ಗಡಸು ಐತ್ರಿ. ಇಂಥಾ ನೀರು ಹಾಕಿದ್ರ ಮಷೀನ್ ಬಾಳಿಕಿ ಬರಂಗಿಲ್ಲ."

ಪರಮೇಶಪ್ಪನವರು ಮೂವತ್ತಮೂರು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಕಡತ ಕಾಯ್ದು ನಿವೃತ್ತರಾದವರು. ಅವತ್ತೇ ಫ್ರಿಜ್ಜಿನ ಬಾಗಿಲಿಗೆ ಸುತ್ತೋಲೆ ಅಂಟಿತು: "ಅಶುದ್ಧ ನೀರು ಯಂತ್ರವನ್ನು ಪ್ರವೇಶಿಸುವುದನ್ನು ಈ ಮೂಲಕ ನಿಷೇಧಿಸಲಾಗಿದೆ."

ಬೋರಿನ ನೀರನ್ನು ಕುದಿಸಿ, ಧೋತರದಲ್ಲಿ ಸೋಸಿ ಹಾಕಿದ್ದಾಯಿತು. ಹೊಸ ಕ್ಯಾಂಡಲ್ಲೂ ಮಬ್ಬಾಯಿತು. ಆಗ ಮಾಳಿಗೆಯ ಮೇಲೆ ಫಿಲ್ಟರಿಗೆಂದೇ ಬೇರೆ ಡ್ರಮ್ಮು ಕೂತಿತು. ಪೇಟೆಯಿಂದ ಶುದ್ಧ ಕುಡಿಯುವ ನೀರಿನ ಕ್ಯಾನು ತರಿಸಿ ಅದಕ್ಕೆ ಸುರಿಯತೊಡಗಿದರು.

"ಆ ಕ್ಯಾನಿನ ನೀರು ನಾನ ಕುಡಿದ್ರ ಆಗಂಗಿಲ್ಲೇನ್ರಿ?" ಎಂದು ಫಕ್ಕೀರವ್ವ ಕೇಳಿದರು.

"ಅದು ಮಷೀನಿಂದು. ಒಂದು ಬಾಬ್ತಿಂದು ಇನ್ನೊಂದು ಬಾಬ್ತಿಗೆ ಹಾಕಾಕ ಬರಂಗಿಲ್ಲ."

"ಹಂಗಾರ ಮಷೀನಿನ್ಯಾಗಿಂದ ಬಂದದ್ದು?"

"ನೀ ಕುಡಿದಷ್ಟೂ ಅದಕ್ಕ ಲೋಡ್ ಬೀಳ್ತೈತಿ. ಲೋಡ್ ಬಿದ್ರ ಕ್ಯಾಂಡಲ್ ಹೋಗ್ತೈತಿ. ಕ್ಯಾಂಡಲ್ ಹೋದ್ರ ನೀ ಏನ್ ಕುಡೀತಿ?"

ಫಕ್ಕೀರವ್ವನವರಿಗೆ ಸಿಟ್ಟು ಬಂತು, ಸಿಟ್ಟಿಗೆ ನೀರಡಿಕೆಯಾಯಿತು, ಬೋರಿನ ನೀರು ಕುಡಿದು ಮಲಗಿದರು.

ಬಳಸದೆ ಬಿಟ್ಟರೂ ಯಂತ್ರ ಕೆಡುತ್ತದೆಂದು ಮುಬಶೀರ ಎಚ್ಚರಿಸಿದ್ದ. ಆದ್ದರಿಂದ ಸೋಸಿ ಬಂದ ನೀರನ್ನು ಕೊಡದಲ್ಲಿ ಹಿಡಿದು, ಫಕ್ಕೀರವ್ವನವರು ದಿನಾ ಮಾಳಿಗೆ ಹತ್ತಿ ಮರಳಿ ಡ್ರಮ್ಮಿಗೆ ಸುರಿಯುವ ಪದ್ಧತಿ ಜಾರಿಗೆ ಬಂತು. ಮುಂದಿನ ಸರ್ವಿಸಿನಲ್ಲಿ ಕ್ಯಾಂಡಲ್ ಮಲ್ಲಿಗೆಯಂತೆ ಬೆಳ್ಳಗಿತ್ತು. "ನಾಕೂ ತಾಲೂಕಿನ್ಯಾಗ ಇಂಥಾ ಮೇಂಟೆನನ್ಸ್ ನಾ ನೋಡಿಲ್ರಿ" ಎಂದು ಮುಬಶೀರ ಫೋಟೋ ತೆಗೆದುಕೊಂಡ. ಪರಮೇಶಪ್ಪನವರು ಯಂತ್ರಕ್ಕೆ ವಿಭೂತಿ ಹಚ್ಚಿದರು. ಓಣಿಯವರು ಬಂದು ನೋಡಿ ಹೋದರು. ತಿಳಿದವರಾದ್ದರಿಂದ ಯಾರೂ ನೀರು ಕೇಳಲಿಲ್ಲ.

ಕಳೆದ ತಿಂಗಳು ಫಕ್ಕೀರವ್ವನವರಿಗೆ ಸೊಂಟ ಹಿಡಿದು ನೋವು ಬಂತು. ಡಾಕ್ಟರ್ ನೀಲಾಂಬಿಕಾ ಸ್ಕ್ಯಾನ್ ನೋಡಿದರು. ಹರಳು ಒಂಬತ್ತು ಮಿಲಿಮೀಟರ್ ಆಗಿತ್ತು.

"ಒಳ್ಳೆ ನೀರು ಕುಡ್ಯಾಕತ್ತೀರಿಲ್ಲೋ?"

ಫಕ್ಕೀರವ್ವ ಎಲ್ಲವನ್ನೂ ಹೇಳಿದರು. ಹೇಳುತ್ತ ಅತ್ತೂಬಿಟ್ಟರು. "ನನ್ನ ಸಲುವಾಗಿ ತಂದ ಮಷೀನ್ರಿ ಅದು. ಒಂದು ಗಿಲಾಸ ನೀರಿಗೆ ಎರಡು ವರ್ಷದಿಂದ ಆಸಿ ಪಡಾಕತ್ತೇನಿ."

ಡಾಕ್ಟರು ಪೆನ್ನು ಕೆಳಗಿಟ್ಟರು.

"ಎರಡು ವರ್ಷದಾಗ ಒಂದೂ ಕ್ಯಾಂಡಲ್ ಹೋಗಿಲ್ಲ?"

"ಇಲ್ರಿ."

"ನಮ್ಮ ದವಾಖಾನಿಂದು ಆರು ತಿಂಗಳಿಗೊಂದು ಹೋಗ್ತೈತ್ರಿ. ನಿಮ್ಮ ಯಜಮಾನ್ರನ್ನ ಸ್ವಲ್ಪ ಕಳಿಸ್ರಿ."

ಸೋಮವಾರದಿಂದ ದವಾಖಾನೆಯ ಫಿಲ್ಟರಿನ ನೀರನ್ನು ರೋಗಿಗಳು ಮುಟ್ಟತಕ್ಕದ್ದಲ್ಲ. ಅವರು ಮನೆಯಿಂದಲೇ ಬಾಟಲಿ ತರುತ್ತಾರೆ, ಯಾರದೂ ತಕರಾರಿಲ್ಲ. ಮಾಳಿಗೆಗೆ ಕೊಡ ಹೊರುವ ಅನುಭವ ಇರುವುದರಿಂದ, ಸಿಬ್ಬಂದಿಯ ತರಬೇತಿಗೆ ಫಕ್ಕೀರವ್ವನವರನ್ನೇ ನೇಮಿಸಲಾಗಿದೆ. ಹರಳಿನ ನೋವು ಹೆಚ್ಚಾದ ದಿನ ಅವರು ಕೂತಲ್ಲಿಂದಲೇ ಹೇಳಿಕೊಡುತ್ತಾರೆ.