ಘಟ್ಟದ ಮಣ್ಣಿನಲ್ಲಿ ಆಸ್ಟ್ರೇಲಿಯದ ಬಟಾಣಿ

ಕೆಲವರಿಗೆ ನೆಗಡಿ ಬರುವಷ್ಟು ಸಲೀಸಾಗಿ ನನಗೆ ತಿರಸ್ಕಾರ ಬರುತ್ತದೆ. ಅದರಲ್ಲೂ ನರ್ಸರಿಯಿಂದ ಹೂಬಿಟ್ಟ ಗಿಡವನ್ನೇ ಹೊತ್ತು ತಂದು "ನಮ್ಮ ಗಾರ್ಡನ್ ನೋಡ್ರಿ" ಎನ್ನುವವರನ್ನು ಕಂಡರಂತೂ ಮೂಗು ಮುರಿಯದೆ ಇರಲಾರೆ. ಇಂಥವರಲ್ಲಿ ಅಗ್ರಗಣ್ಯರು ಎದುರು ಮನೆಯ ಮಲ್ಲಪ್ಪನವರು. ಬೈಲಹೊಂಗಲದ ಮಾರ್ಕೆಟ್ ಯಾರ್ಡಿನಲ್ಲಿ ಕಾಳುಕಡಿ ದಲಾಲಿಯ ಅಡತಿ ಅಂಗಡಿ, ಮನೆಯಂಗಳದ ತುಂಬ ಸೇವಂತಿಗೆ. ಸೇವಂತಿಗೆಯಂತೆ! ಕತ್ತೆ ತುಳಿದು ಹೋದ ಜಾಗದಲ್ಲೂ ಬರುವ ಗಿಡ ಅದು. ಅದಕ್ಕೊಂದು ಬೆಳಗಿನ ವಾಕಿಂಗ್‌ನಷ್ಟು ಉದ್ದದ ವರ್ಣನೆ ಬೇರೆ.

ನಾನು ಬೀಜದವನು. ಅದೂ ಊರಲ್ಲಿ ಯಾರೂ ಹೆಸರೇ ಕೇಳಿರದ ಗಿಡಗಳ ಬೀಜ. ನಿಜ, ಇಲ್ಲಿಯವರೆಗೆ ಒಂದೂ ಮೊಳೆತಿಲ್ಲ. ಕಪ್ಪು ಹೂವಿನ ಬಳ್ಳಿ ಮಣ್ಣಲ್ಲೇ ಕೊಳೆಯಿತು. ಹುಳ ತಿನ್ನುವ ಗಿಡದ ಬೀಜವನ್ನು ಹುಳವೇ ತಿಂದಿತು. ಆದರೆ ಎಲ್ಲರಿಗೂ ಬಂದರೆ ಅದು ಅಪರೂಪದ ಗಿಡ ಹೇಗಾದೀತು? ಈ ತರ್ಕ ನನ್ನ ಹೆಂಡತಿ ಶಾಂತಾಳ ತಲೆಗೆ ಹೋಗುವುದಿಲ್ಲ. ಈ ಸಲ ಆಸ್ಟ್ರೇಲಿಯದ ಮರಳುಗಾಡಿನ ಬಟಾಣಿ ತರಿಸಿದೆ. ರಕ್ತಗೆಂಪು ಹೂ, ನಡುವೆ ಕರೀ ಕಣ್ಣು. "ಬಟಾಣಿ ನಮ್ಮ ಸಂತ್ಯಾಗ ಸಿಗೂದಿಲ್ಲೇನ್ರಿ?" ಎಂದಳು. "ದಸರಾ ತನಕ ನೋಡ್ತೇನಿ. ಒಂದರ ಹುಟ್ಟಲಿಲ್ಲಂದ್ರ ನಿಮ್ಮ ಪಾಟ್ ಎಲ್ಲಾ ತಗದ ಒಗದು ಅಲ್ಲೆ ಮೆಂತೆ ಹಾಕ್ತೇನಿ." ಆ ಸಿಟ್ಟಿನಲ್ಲೇ ಬೀದಿಗೆ ಹೋಗಿ ಮಲ್ಲಪ್ಪನವರ ಮುಂದೆ ಜಂಬ ಕೊಚ್ಚಿದೆ: "ದಸರಾಕ್ಕ ಬನ್ನಿ ಕೊಡಾಕ ಬರ್ತೀರಲ್ಲ, ಆಗ ತೋರಸ್ತೇನಿ, ಸಸಿ ಅಂದ್ರ ಏನಂತ."

ನನ್ನ ಹೊಟ್ಟೆ ಉರಿಸುವ ಇನ್ನೊಂದು ಸಂಗತಿ ಅವ್ವ ದೇವಿಯ ಹೆಸರಲ್ಲಿ ಕೂರಿಸುವ ಘಟ್ಟ. ನವರಾತ್ರಿಗೆ ದೇವರ ಮನೆಯಲ್ಲಿ ಹೊಲದ ಮಣ್ಣು ಹರವಿ, ನಡುವೆ ಕೊಡ ಇಟ್ಟು, ಸುತ್ತ ಜೋಳ, ಗೋದಿ ಚೆಲ್ಲುತ್ತಾಳೆ. ಪಕ್ಕದಲ್ಲಿ ನಂದಾದೀಪ. ಹಬ್ಬದ ಹೊತ್ತಿಗೆ ಗೇಣುದ್ದ ಸಸಿ! ಇದೆಲ್ಲ ಮೂಢನಂಬಿಕೆ ಎಂದು ವರ್ಷವಿಡೀ ಅಣಕಿಸುವ ನಾನು ಈ ಸಲ ಲೆಕ್ಕ ಹಾಕಿದೆ. ಬೆಚ್ಚಗಿನ ಜಾಗ, ದಿನಾ ನೀರು, ಇಲಿ ಅಳಿಲಿನ ಕಾಟವಿಲ್ಲ. ಬಿಸಿನೀರಿನಲ್ಲಿ ನೆನೆಸಿದ ಮೂರು ಬೀಜಗಳನ್ನು ಯಾರಿಗೂ ಕಾಣದಂತೆ ಘಟ್ಟದ ಹಿಂದಿನ ಅಂಚಿನಲ್ಲಿ ಊರಿಬಿಟ್ಟೆ. ದಸರೆಯ ದಿನ ಮೆಲ್ಲಗೆ ಎತ್ತಿ ಕುಂಡಕ್ಕೆ ಹಾಕಿದರಾಯಿತು.

ಮೂರೂ ಹುಟ್ಟಿದವು! ನನಗೆ ಕುಣಿಯುವಷ್ಟು ಖುಷಿ. ಮೇಲಿಂದ ಮೇಲೆ ದೇವರ ಮನೆಗೆ ಹೋಗಿ, ಅವ್ವ ನೋಡಿದಾಗೆಲ್ಲ ಕೈ ಮುಗಿದು ಬರುತ್ತಿದ್ದೆ. "ಅಂತೂ ನನ್ನ ಮಗಗ ಬುದ್ಧಿ ಬಂತು" ಎಂದು ಅವಳು ಕಣ್ಣೊರೆಸಿಕೊಂಡಳು.

ದಸರೆಯ ದಿನ ಹಿತ್ತಿಲಲ್ಲಿ ಕುಂಡಕ್ಕೆ ಮರಳು ಬೆರೆಸುತ್ತಿದ್ದೆ. ಮಲ್ಲಪ್ಪನವರು ಬನ್ನಿ ಹಿಡಿದು ಬೇಗನೇ ಬಂದರು. ಕೈ ತೊಳೆದು ಒಳಗೆ ಬರುವಷ್ಟರಲ್ಲಿ ಅವ್ವ ಘಟ್ಟ ಕಿತ್ತಾಗಿತ್ತು. ಆ ಸಸಿಗಳನ್ನು ಪ್ರಸಾದವೆಂದು ಗಂಡಸರು ಟೊಪ್ಪಿಗೆಗೆ, ಹೆಂಗಸರು ತುರುಬಿಗೆ ಸಿಕ್ಕಿಸಿಕೊಳ್ಳುವುದು ನಮ್ಮ ಕಡೆಯ ವಾಡಿಕೆ. ಶಾಂತಾಳ ತುರುಬಿನಲ್ಲಿ ಜೋಳದ ಎಳೆಗಳ ನಡುವೆ ಬೂದುಹಸಿರಿನ ಒಂದು ಆಸ್ಟ್ರೇಲಿಯ. ಇನ್ನೊಂದು ಮಲ್ಲಪ್ಪನವರ ಟೊಪ್ಪಿಗೆಯಲ್ಲಿ, ಅವರು ಮಾತಾಡಿದಂತೆಲ್ಲ ತಲೆಯಾಡಿಸುತ್ತಿತ್ತು.

"ಈ ವರ್ಷ ತಾಯಿ ಬ್ಯಾರೇನ ಪೈರು ಕೊಟ್ಟಾಳಪಾ" ಎನ್ನುತ್ತ ಅವ್ವ ಮೂರನೆಯದನ್ನು ನನ್ನ ಕಿವಿಯ ಮೇಲೆ ಸಿಕ್ಕಿಸಿದಳು. "ನೀ ದಿನಾ ಕೈ ಮುಗದದ್ದಕ್ಕ." ಅವಳ ಮುಖದಲ್ಲಿದ್ದ ಸಂತೋಷ ನೋಡಿ ದೇವರ ಮನೆಯ ಕಡೆಗೆ ಇನ್ನೊಮ್ಮೆ ಕೈ ಮುಗಿದೆ.

"ಮತ್ತ, ಎಲ್ಲೈತ್ರಿ ನಿಮ್ಮ ಫಾರಿನ್ ಸಸಿ?" ಮಲ್ಲಪ್ಪನವರು ಕೇಳಿದರು. ಜನ್ಮದಲ್ಲಿ ಮೊದಲ ಸಲ ಗೆದ್ದಿದ್ದೆ. ಗೆದ್ದದ್ದು ಅವರ ತಲೆಯ ಮೇಲೆಯೇ ಇತ್ತು.

"ಹುಟ್ಟಲಿಲ್ರಿ" ಎಂದೆ.

"ಹೋಗ್ಲಿ ಬಿಡ್ರಿ, ಮನಸಿಗೆ ಹಚ್ಚಿಕೋಬ್ಯಾಡ್ರಿ. ನಾಳೆ ಎರಡು ಸೇವಂತಿಗಿ ಸಸಿ ಕಳಸ್ತೇನಿ. ಅವು ಎಂಥವ್ರು ಹಚ್ಚಿದ್ರೂ ಹತ್ತತಾವ."

"ಕಳಸ್ರಿ" ಎಂದೆ, ಕಿವಿಯ ಮೇಲಿನದು ಬೀಳದಂತೆ ತಲೆ ನೆಟ್ಟಗೆ ಹಿಡಿದು.